ಹಳೆಯ ಚೈನ್‌ಸಾ ಹೀಟ್ ಆಗಿ ನಿಲ್ಲುತ್ತಿದೆಯಾ? ಕಾರ್ಬುರೇಟರ್ ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ಸಂಜೆ ಗಾಳಿ ಮಳೆ ಬಂದರೆ ಸಾಕು, ಮಾರನೆಯ ದಿನ ನನ್ನ ಶೆಡ್ ಮುಂದೆ ಎರಡು ಮೂರು ಚೈನ್‌ಸಾ ಬಂದು ಕೂರುತ್ತವೆ. ಎಲ್ಲೋ ಗುಲ್‌ಮೊಹರ್ ಕೊಂಬೆ ರಸ್ತೆಗೆ ಅಡ್ಡ ಬಿದ್ದಿರುತ್ತದೆ. ಇನ್ನೆಲ್ಲೋ ಮಳೆ ಮರದ ದೊಡ್ಡ ಕವಲು ಕಾರಿನ ಮೇಲೆ ಕೂತಿರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಮಷೀನನ್ನು ಹೊರಗೆ ತೆಗೆದು, ಹಳೆಯ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಮಾಡಿ, ಒಂದೇ ಸಮನೆ ನಾಲ್ಕು ಗಂಟೆ ಓಡಿಸುತ್ತಾರೆ. ಹಳೆಯ ಮಷೀನ್‌ಗಳು ಕೈಕೊಡುವುದು ಆವತ್ತೇ.

ಹೋದ ಸಲ ಹಾಗೆ ಬಂದದ್ದು ಹತ್ತು ವರ್ಷಕ್ಕಿಂತ ಹಳೆಯ, 50 ಸಿಸಿ ಆಸುಪಾಸಿನ ಒಂದು ಮಷೀನ್. ತಂದವರು ಮರ ಕೊಯ್ಯುವ ಕೆಲಸವನ್ನೇ ನಂಬಿಕೊಂಡವರು. "ಅಣ್ಣ, ಹದಿನೈದು ನಿಮಿಷ ಚೆನ್ನಾಗಿ ಓಡ್ತದೆ. ಆಮೇಲೆ ಪಿಕಪ್ ಇರಲ್ಲ. ರೇಸ್ ಬಿಟ್ಟರೆ ಆಫ್. ಅರ್ಧ ಗಂಟೆ ಬಿಟ್ಟು ಎಳೆದರೆ ಮತ್ತೆ ಸ್ಟಾರ್ಟ್" ಎಂದರು. ಅಷ್ಟರಲ್ಲಾಗಲೇ ಮೂರು ಕಡೆ ತೋರಿಸಿದ್ದರಂತೆ. ಮೂವರೂ ಮೊದಲು ಕೈ ಹಾಕಿದ್ದು ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರಿನ ಸ್ಕ್ರೂಗೆ. ಒಬ್ಬರು, "ಪೆಟ್ರೋಲ್‌ಗೆ ಆಯಿಲ್ ಜಾಸ್ತಿ ಹಾಕಿ, ತಣ್ಣಗಿರುತ್ತೆ" ಎಂದೂ ಹೇಳಿದ್ದರಂತೆ.

ಆ ಮಷೀನಿನ ಕತೆಯನ್ನೇ ಹಿಡಿದುಕೊಂಡು, ಹೀಟ್ ಆಗುವ ಚೈನ್‌ಸಾವನ್ನು ನಾನು ಯಾವ ಕ್ರಮದಲ್ಲಿ ನೋಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಕ್ರಮ ಮುಖ್ಯ. ಸ್ಕ್ರೂ ಕೊನೆಗೆ. ಯಾಕೆಂದರೆ ಸ್ಕ್ರೂ ತಿರುಗಿಸಿದರೆ ಬೇರೆ ಕಡೆ ಇರುವ ದೋಷ ಎರಡು ದಿನ ಮುಚ್ಚಿಹೋಗುತ್ತದೆ, ಅಷ್ಟೇ. ಮೂರನೆಯ ದಿನ ಬೋರ್, ಅಂದರೆ ಪಿಸ್ಟನ್ ಓಡುವ ಸಿಲಿಂಡರಿನ ಒಳಮೈ, ಹೋಗುತ್ತದೆ.

ನಿಜವಾಗಲೂ ಹೀಟ್‌ನಿಂದಲೇ ನಿಲ್ಲುತ್ತಿದೆಯಾ?

ಬಿಸಿಯಾದ ಮೇಲೆ ನಿಲ್ಲುವ ಮಷೀನೆಲ್ಲ ಹೀಟ್ ಆಗಿಯೇ ನಿಂತಿರಬೇಕು ಅಂತೇನಿಲ್ಲ. ಇದೇ ತರಹ ಆಟ ಆಡಿಸುವ ಇನ್ನೆರಡು ದೋಷಗಳಿವೆ. ಮೊದಲು ಅವನ್ನು ಬೇರೆ ಮಾಡಿಕೊಳ್ಳಬೇಕು.

ಮೊದಲನೆಯದು ಪೆಟ್ರೋಲ್ ಟ್ಯಾಂಕಿನ ಗಾಳಿ ತೂತು. ಪೆಟ್ರೋಲ್ ಖಾಲಿಯಾಗುತ್ತಾ ಹೋದ ಹಾಗೆ ಅಷ್ಟೇ ಗಾಳಿ ಟ್ಯಾಂಕಿನ ಒಳಗೆ ಬರಬೇಕು. ತೂತು ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತ ಆಗಿ ಪೆಟ್ರೋಲ್ ಮೇಲೆ ಬರುವುದಿಲ್ಲ. ಮಷೀನ್ ನಿಂತ ತಕ್ಷಣ ಒಂದೆರಡು ಹೆಜ್ಜೆ ದೂರ ತಂದು, ಬಟ್ಟೆ ಅಡ್ಡ ಹಿಡಿದು ಮುಚ್ಚಳವನ್ನು ನಿಧಾನವಾಗಿ ಸ್ವಲ್ಪವೇ ಸಡಿಲ ಮಾಡಿ. ಹತ್ತಿರ ಬೀಡಿ, ಬೆಂಕಿ ಇರಬಾರದು. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡು, ಮುಚ್ಚಳ ಹಾಕಿದ ಮೇಲೆ ಮಷೀನ್ ಸಲೀಸಾಗಿ ಸ್ಟಾರ್ಟ್ ಆದರೆ ತೊಂದರೆ ಅಲ್ಲೇ ಇದೆ. ಗಾಳಿ ಹೊರಗೆ ಬಂದರೆ ಅದು ಬಿಸಿಗೆ ಎದ್ದ ಪೆಟ್ರೋಲ್ ಆವಿ. ಆಗ ಇನ್ನೂ ಜಾಗ್ರತೆ, ಪೆಟ್ರೋಲ್ ಚಿಮ್ಮಬಹುದು.

ಎರಡನೆಯದು ಕಾಯಿಲ್. ಹಳೆಯ ಇಗ್ನಿಷನ್ ಕಾಯಿಲ್ ತಣ್ಣಗಿದ್ದಾಗ ಕಿಡಿ ಕೊಡುತ್ತದೆ, ಬಿಸಿಯಾದರೆ ಕೊಡುವುದಿಲ್ಲ. ಮಷೀನ್ ನಿಂತ ಕೂಡಲೇ ಕೈಯಲ್ಲಿರುವ ಒಳ್ಳೆಯ ಪ್ಲಗ್ ಒಂದನ್ನು ಕ್ಯಾಪ್‌ಗೆ ಹಾಕಿ, ಪ್ಲಗ್‌ನ ಲೋಹವನ್ನು ಸಿಲಿಂಡರ್‌ಗೆ ತಾಗಿಸಿ ಹಗ್ಗ ಎಳೆದು ನೋಡಿ. ಸಿಲಿಂಡರ್‌ನಲ್ಲಿರುವ ಪ್ಲಗ್ ಬಿಚ್ಚಬೇಡಿ, ಆ ತೂತಿನಿಂದ ಬರುವ ಆವಿಗೆ ಕಿಡಿ ಹತ್ತಬಹುದು. ಬಿಸಿಯಲ್ಲಿ ಕಿಡಿ ಇಲ್ಲ, ಅರ್ಧ ಗಂಟೆ ಬಿಟ್ಟು ನೋಡಿದರೆ ಇದೆ ಅಂದರೆ ಕಾಯಿಲ್ ಬದಲಿಸಬೇಕು. ಹೊಸದನ್ನು ಕೂರಿಸುವಾಗ ಎಂಜಿನ್ ಜೊತೆ ತಿರುಗುವ ಚಕ್ರ, ಅಂದರೆ ಫ್ಲೈವೀಲ್‌ಗೂ ಕಾಯಿಲ್‌ಗೂ ಮಧ್ಯೆ ಸುಮಾರು 0.3 ಮಿಲಿಮೀಟರ್ ಜಾಗ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿ ಮಾಡಿ ಎಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನನ್ನ ಮುಂದಿದ್ದ ಮಷೀನ್‌ನಲ್ಲಿ ಇವೆರಡೂ ಇರಲಿಲ್ಲ. ಮುಚ್ಚಳ ತೆಗೆದರೂ ಬದಲಾವಣೆ ಇಲ್ಲ, ಬಿಸಿಯಲ್ಲೂ ಕಿಡಿ ನೀಲಿಯಾಗಿ ಬರುತ್ತಿತ್ತು. ಆದರೆ ನಿಂತ ಮೇಲೆ ಹಗ್ಗ ಎಳೆದರೆ ತಡೆಯೇ ಸಿಗುತ್ತಿರಲಿಲ್ಲ, ಕಂಪ್ರೆಷನ್ ಅರ್ಧಕ್ಕೆ ಇಳಿದ ಹಾಗೆ. ತಣ್ಣಗಾದ ಮೇಲೆ ಮತ್ತೆ ಗಟ್ಟಿ. ಹೀಗಾದರೆ ಹೀಟ್ ಹೌದು ಅಂತಲೇ ಲೆಕ್ಕ.

ಗಾಳಿ ಹೋಗುವ ದಾರಿ

ಚೈನ್‌ಸಾಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಹಗ್ಗದ ಕವರಿನ ಸೀಳುಗಳಿಂದ ಗಾಳಿ ಒಳಗೆ ಬರುತ್ತದೆ. ಫ್ಲೈವೀಲ್‌ನ ರೆಕ್ಕೆಗಳು ಅದನ್ನು ಸಿಲಿಂಡರ್ ಸುತ್ತಲಿನ ತೆಳು ಲೋಹದ ಪಟ್ಟಿಗಳ, ಅಂದರೆ ಫಿನ್‌ಗಳ ಮಧ್ಯೆ ತಳ್ಳುತ್ತವೆ. ಇಡೀ ಎಂಜಿನ್ ತಣ್ಣಗಾಗುವುದು ಇದೊಂದೇ ಗಾಳಿಯಿಂದ.

ಮೇಲಿನ ಕವರ್ ತೆಗೆದೆ. ಸಿಲಿಂಡರ್‌ನ ಮುಂಭಾಗದಲ್ಲಿ ಫಿನ್‌ಗಳು ಕಾಣುತ್ತಿದ್ದವು. ಫ್ಲೈವೀಲ್ ಕಡೆ ಮಾತ್ರ ಏನೂ ಇಲ್ಲ, ಬರೀ ಕಪ್ಪು ಗೋಡೆ. ಮರದ ಪುಡಿ, ಚೈನ್ ಆಯಿಲ್, ರಸ್ತೆಯ ಧೂಳು ಮೂರೂ ಸೇರಿ ಫಿನ್‌ಗಳ ಮಧ್ಯೆ ಬೆಂದು ಕೂತಿದ್ದವು. ಮುಟ್ಟಿದರೆ ಗಾಣದಿಂದ ಬಂದ ಕಡಲೆಕಾಯಿ ಹಿಂಡಿಯ ಹಾಗೆ ಗಟ್ಟಿ. ಬಿದಿರು ಕಡ್ಡಿಯಿಂದ ಮೀಟಿದರೆ ಫಿನ್‌ನ ಅಚ್ಚು ಹಾಗೇ ಉಳಿದ ತುಂಡುಗಳು ಹೊರಗೆ ಬಂದವು. ಒಂದು ತುಂಡನ್ನು ಮುರಿದು ನೋಡಿದೆ. ಹೊರಗೆ ಕಪ್ಪು, ಸಿಲಿಂಡರ್‌ಗೆ ತಾಗಿದ ಕಡೆ ಸುಟ್ಟು ಕಂದು. ಒಂದು ಹಿಡಿ ಪೂರ್ತಿ ತುಂಬುವಷ್ಟು ಸಿಕ್ಕಿತು.

ಇಲ್ಲಿ ಕಬ್ಬಿಣದ ಸ್ಕ್ರೂಡ್ರೈವರ್ ಬಳಸಬೇಡಿ. ಫಿನ್‌ಗಳು ಅಲ್ಯೂಮಿನಿಯಂ, ತುದಿ ಮುರಿಯುತ್ತವೆ. ಬಿದಿರು ಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಮಷೀನ್ ಪೂರ್ತಿ ತಣ್ಣಗಿರಬೇಕು, ಪ್ಲಗ್ ಕ್ಯಾಪ್ ಎಳೆದಿರಬೇಕು, ಕಾರ್ಬುರೇಟರ್ ಬಾಯಿಗೆ ಬಟ್ಟೆ ತುರುಕಿರಬೇಕು. ಕೊನೆಗೆ ಕಂಪ್ರೆಸರ್ ಗಾಳಿ ಹೊಡೆಯಿರಿ. ಹತ್ತಿರದ ಪಂಕ್ಚರ್ ಅಂಗಡಿಯವರು ಕೇಳಿದರೆ ಹೊಡೆದುಕೊಡುತ್ತಾರೆ. ಹಗ್ಗದ ಕವರಿನ ಸೀಳುಗಳನ್ನೂ ತೆರೆದುಕೊಳ್ಳಿ. ಫ್ಲೈವೀಲ್ ರೆಕ್ಕೆ ಒಂದೆರಡು ಮುರಿದಿದ್ದರೆ ಗಾಳಿ ಕಡಿಮೆಯಾಗುವುದಲ್ಲದೆ ಬ್ಯಾಲೆನ್ಸ್ ಕೂಡ ತಪ್ಪುತ್ತದೆ. ಅದನ್ನು ಬದಲಿಸಲೇಬೇಕು.

ಸಿಲಿಂಡರ್ ಮೇಲೆ ಗಾಳಿ ತಿರುಗಿಸುವ ತೆಳ್ಳನೆ ಪ್ಲಾಸ್ಟಿಕ್ ಹಾಳೆಯೊಂದು ಕೆಲವು ಮಷೀನ್‌ಗಳಲ್ಲಿರುತ್ತದೆ. ರಿಪೇರಿಯಲ್ಲಿ ಅದು ಕಳೆದುಹೋಗಿ, ಯಾರೂ ವಾಪಸ್ ಹಾಕಿರುವುದಿಲ್ಲ. ಅದಿಲ್ಲದಿದ್ದರೆ ಗಾಳಿ ಫಿನ್ ಮುಟ್ಟದೆ ಸುಮ್ನೆ ಹೊರಗೆ ಹೋಗುತ್ತದೆ. ಸಣ್ಣ ಹಾಳೆ, ಆದರೆ ಬೇಕೇಬೇಕು.

ಬಿಸಿ ಸಿಲಿಂಡರ್ ಮೇಲೆ ನೀರು ಹಾಕುವವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಬೇಡ. ಒಂದು ಕಡೆ ತಟ್ಟನೆ ಕುಗ್ಗಿ ಸಿಲಿಂಡರ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ದೊಡ್ಡ ದಿಮ್ಮಿ ಕೊಯ್ದ ಮೇಲೆ ತಕ್ಷಣ ಆಫ್ ಮಾಡದೆ ಒಂದು ನಿಮಿಷ ಸ್ಲೋನಲ್ಲಿ ಬಿಡಿ. ಫ್ಯಾನ್ ತಿರುಗುತ್ತಿರುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ.

ಚೈನ್ ಮೊಂಡಾದರೆ ಎಂಜಿನ್ ಬಿಸಿ

ಬೆಂಗಳೂರಿನ ರಸ್ತೆ ಬದಿಯ ಮರಗಳಲ್ಲಿ ಮರದಷ್ಟೇ ಕಬ್ಬಿಣವೂ ಇರುತ್ತದೆ. ಪಿಜಿ ಬೋರ್ಡ್, ಟ್ಯೂಷನ್ ಬೋರ್ಡ್, ಕೇಬಲ್, ದೀಪದ ಸರ, ಎಲ್ಲಕ್ಕೂ ಮೊಳೆ. ಮರ ಬೆಳೆದ ಹಾಗೆ ಮೊಳೆ ಒಳಗೆ ಸೇರಿಕೊಳ್ಳುತ್ತದೆ, ಹೊರಗೆ ಗುರುತೇ ಇರುವುದಿಲ್ಲ. ಚೈನ್ ಒಂದು ಸಲ ಅದಕ್ಕೆ ತಾಗಿದರೆ ಒಂದು ಸಾಲಿನ ಹಲ್ಲುಗಳೆಲ್ಲ ಹೋದವು.

ಮೊಂಡು ಚೈನ್ ಕೊಯ್ಯುವುದಿಲ್ಲ, ಉಜ್ಜುತ್ತದೆ. ಆಗ ಆಪರೇಟರ್ ಮಷೀನನ್ನು ಒತ್ತುತ್ತಾರೆ. ಒತ್ತಿದರೆ ಪೂರ್ತಿ ರೇಸ್ ಕೊಟ್ಟಿದ್ದರೂ ಎಂಜಿನ್ ಸ್ಪೀಡ್ ಇಳಿಯುತ್ತದೆ, ಫ್ಯಾನ್ ಕೂಡ ನಿಧಾನವಾಗುತ್ತದೆ. ಕೆಲಸ ಜಾಸ್ತಿ, ಗಾಳಿ ಕಮ್ಮಿ. ಹೀಟ್ ಆಗದೆ ಇನ್ನೇನು ಆಗಬೇಕು?

ಚೈನ್ ಹೇಗಿದೆ ಅಂತ ನೋಡಲು ಕೆಳಗೆ ಬಿದ್ದ ಪುಡಿ ನೋಡಿದರೆ ಸಾಕು. ತುರಿದ ಕೊಬ್ಬರಿಯ ಹಾಗೆ ಉದ್ದುದ್ದ ಚೂರು ಬಿದ್ದಿದ್ದರೆ ಚೈನ್ ಚೆನ್ನಾಗಿದೆ. ರಾಗಿ ಹಿಟ್ಟಿನ ಹಾಗೆ ನುಣ್ಣಗಿದ್ದರೆ ಅರ ಹಾಕುವ ಹೊತ್ತಾಗಿದೆ. ಈ ಮಷೀನ್‌ನ ಏರ್ ಫಿಲ್ಟರ್ ಮೇಲೆ ಕೂತಿದ್ದದ್ದು ಬರೀ ಹಿಟ್ಟು.

ಅರದ ಅಳತೆ ಚೈನ್ ಪಿಚ್‌ಗೆ, ಅಂದರೆ ಇಂಚಿನಲ್ಲಿ ಹೇಳುವ ಕೊಂಡಿಗಳ ಅಳತೆಗೆ, ಹೊಂದಬೇಕು. .325 ಪಿಚ್‌ಗೆ 4.8 ಮಿಲಿಮೀಟರ್ ದುಂಡು ಅರ, ಸಣ್ಣ ಮಷೀನ್‌ಗಳ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿಲಿಮೀಟರ್. ಹೆಚ್ಚಿನ ಚೈನ್‌ಗಳಿಗೆ 30 ಡಿಗ್ರಿ ಕೋನ. ಹಲ್ಲಿನ ಮುಂದಿರುವ ಗುಬಟು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ತುಂಬಾ ಜನ ಹಲ್ಲು ಮಾತ್ರ ಉಜ್ಜಿ ಈ ಗುಬಟನ್ನು ಮರೆತೇಬಿಡುತ್ತಾರೆ. ಆಮೇಲೆ ಹಲ್ಲು ಎಷ್ಟೇ ಹರಿತ ಇದ್ದರೂ ಮರಕ್ಕೆ ಕಚ್ಚುವುದಿಲ್ಲ.

ಚೈನ್ ಆಯಿಲ್ ಬರುತ್ತಿದೆಯಾ ನೋಡಲು ಬಾರ್, ಅಂದರೆ ಚೈನ್ ಓಡುವ ಉದ್ದ ಪಟ್ಟಿಯ ತುದಿಯನ್ನು ಒಂದು ರಟ್ಟಿನ ಹತ್ತಿರ ಹಿಡಿದು ರೇಸ್ ಕೊಡಿ, ತಾಗಿಸಬೇಡಿ. ಕೆಲವು ಸೆಕೆಂಡಿನಲ್ಲಿ ರಟ್ಟಿನ ಮೇಲೆ ಆಯಿಲ್‌ನ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್‌ನ ತೂತು ಕಟ್ಟಿದೆ, ಅಥವಾ ಪಂಪ್ ಹೋಗಿದೆ. ಚೈನ್ ಅತಿ ಬಿಗಿ ಇರಬಾರದು, ಕೈಯಲ್ಲಿ ಎಳೆದರೆ ಸರಾಗವಾಗಿ ಜಾರಬೇಕು. ಸ್ಲೋನಲ್ಲೂ ಚೈನ್ ತಿರುಗುತ್ತಿದ್ದರೆ ಕ್ಲಚ್ ಸ್ಪ್ರಿಂಗ್ ಸಡಿಲ ಆಗಿರಬಹುದು. ಚೈನ್ ಬ್ರೇಕ್ ಹಾಕಿಟ್ಟೇ ರೇಸ್ ಕೊಡುವುದಂತೂ ಕ್ಲಚ್ಚನ್ನು ಸುಟ್ಟು, ಪಕ್ಕದ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ.

ಫಿನ್ ತೊಳೆದು, ಚೈನ್‌ಗೆ ಅರ ಹಾಕಿ, ಶೆಡ್ ಹಿಂದಿನ ಸಿಲ್ವರ್ ಓಕ್ ದಿಮ್ಮಿ ಮೇಲೆ ಓಡಿಸಿದೆ. ಹದಿನೈದು ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಇಪ್ಪತ್ತೈದು ನಿಮಿಷ ಓಡಿತು. ಆಮೇಲೆ ಮತ್ತೆ ಅದೇ ಕತೆ. ಅಂದರೆ ಒಂದು ದೋಷ ಹೋಗಿತ್ತು, ಇನ್ನೊಂದು ಒಳಗೇ ಇತ್ತು.

ಪೆಟ್ರೋಲ್, ಆಯಿಲ್

ಚೈನ್‌ಸಾದ್ದು ಟು-ಸ್ಟ್ರೋಕ್ ಎಂಜಿನ್, ಪೆಟ್ರೋಲ್‌ಗೇ ಟು-ಟಿ ಆಯಿಲ್ ಬೆರೆಸಿ ಹಾಕಬೇಕು. ಕ್ಯಾನ್‌ನಲ್ಲಿ ಏನಿದೆ ಅಂತ ಕೇಳಿದೆ. 1 ಲೀಟರ್ ಪೆಟ್ರೋಲ್‌ಗೆ 60 ಮಿಲಿ ಆಯಿಲ್ ಹಾಕಿದ್ದರು. ಮಷೀನಿನ ಪುಸ್ತಕದ ಪ್ರಕಾರ 50ಕ್ಕೆ 1, ಅಂದರೆ ಲೀಟರ್‌ಗೆ 20 ಮಿಲಿ. 40ಕ್ಕೆ 1 ಅಂತ ಹೇಳಿದ್ದರೆ 25 ಮಿಲಿ. 25ಕ್ಕೆ 1 ಇರುವ ಹಳೆಯ ಮಷೀನ್‌ಗೆ 40 ಮಿಲಿ.

ಆಯಿಲ್ ಜಾಸ್ತಿ ಹಾಕಿದರೆ ತಣ್ಣಗಿರುತ್ತದೆ ಎನ್ನುವುದು ತಪ್ಪು ಲೆಕ್ಕ. ಇದನ್ನು ನಾನು ಬಿಡಿಸಿ ಹೇಳಲೇಬೇಕು. ಕಾರ್ಬುರೇಟರ್‌ನ ಜೆಟ್ ಒಂದು ಸಣ್ಣ ತೂತು. ಅದರಲ್ಲಿ ಹೋಗುವ ದ್ರವದ ಅಳತೆ ಹೆಚ್ಚೂಕಡಿಮೆ ಅಷ್ಟೇ. ಆ ದ್ರವದಲ್ಲಿ ಆಯಿಲ್ ಜಾಸ್ತಿಯಾದರೆ ಪೆಟ್ರೋಲ್ ಅಷ್ಟು ಕಮ್ಮಿಯಾಯಿತು. ಗಾಳಿ ಮಾತ್ರ ಮೊದಲಿನಷ್ಟೇ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಅಂದರೆ ಅದೇ ಲೀನ್. ಲೀನ್ ಓಡಿದರೆ ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಸುಡದೆ ಉಳಿದ ಆಯಿಲ್ ಸೈಲೆನ್ಸರ್ ಒಳಗೆ ಕರಿ ಕಟ್ಟುತ್ತದೆ, ಹೊಗೆ ಹೊರಗೆ ಹೋಗಲು ದಾರಿ ಸಣ್ಣದಾಗುತ್ತದೆ. ಅದರಿಂದ ಮತ್ತಷ್ಟು ಬಿಸಿ. ಹಾಗಂತ ಆಯಿಲ್ ಕಡಿಮೆಯೂ ಮಾಡಬೇಡಿ. ಪುಸ್ತಕದಲ್ಲಿ ಇರುವಷ್ಟೇ, ಅಳತೆ ಲೋಟದಲ್ಲೇ.

ಆಯಿಲ್ ಯಾವುದು ಅನ್ನುವುದೂ ಮುಖ್ಯ. ಡಬ್ಬದ ಮೇಲೆ ಜಾಸೋ ಎಫ್‌ಡಿ ಅಥವಾ ಎಪಿಐ ಟಿಸಿ ಅಂತ ಇರಲಿ. ಟಿಸಿ-ಡಬ್ಲ್ಯೂ3 ಅಂತ ಇದ್ದರೆ ಅದು ನೀರಿನಿಂದ ತಣ್ಣಗಾಗುವ ದೋಣಿ ಎಂಜಿನ್‌ಗಳಿಗೆ. ಚೈನ್‌ಸಾದಂಥ ಬಿಸಿ ಎಂಜಿನ್‌ಗೆ ಅಲ್ಲ.

ಇನ್ನು ಪೆಟ್ರೋಲ್. 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ, ಇ20 ಪೆಟ್ರೋಲ್ ಮಾರಾಟ ಶುರುವಾಯಿತು. ಅಂದರೆ ನೂರಕ್ಕೆ 20 ಭಾಗ ಎಥನಾಲ್. ಈಗ ಪಂಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಒಂದು ಕೆಜಿ ಎಥನಾಲ್‌ಗೆ ಸುಮಾರು 9 ಕೆಜಿ ಸಾಕು. ಹಾಗಾಗಿ ಮೊದಲು ಸಿಗುತ್ತಿದ್ದ ಪೆಟ್ರೋಲ್‌ಗೆ ಸೆಟ್ಟಿಂಗ್ ಮಾಡಿಟ್ಟಿದ್ದ ಮಷೀನ್‌ಗೆ ಇ20 ಹಾಕಿದರೆ, ಯಾರೂ ಸ್ಕ್ರೂ ಮುಟ್ಟದೆ ಇದ್ದರೂ, ಅದು ಮೊದಲಿಗಿಂತ ಲೀನ್ ಓಡುತ್ತದೆ. ಮೊದಲೇ ಅಂಚಿನಲ್ಲಿದ್ದ ಹಳೆಯ ಎಂಜಿನ್‌ಗೆ ಇಷ್ಟು ಸಾಕು.

ಎಥನಾಲ್ ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಪೆಟ್ರೋಲ್‌ನಿಂದ ಬೇರೆಯಾಗಿ ತಳದಲ್ಲಿ ಕೂರುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಆಗ ಎಂಜಿನ್‌ಗೆ ಹೋಗುವುದು ಟು-ಟಿ ಆಯಿಲ್ ಸರಿಯಾಗಿ ಬೆರೆಯದ ದ್ರವ. ಮಿಕ್ಸ್ ಮಾಡಿದ ಪೆಟ್ರೋಲನ್ನು ಒಂದು ತಿಂಗಳೊಳಗೆ ಮುಗಿಸಿ. ಅನುಮಾನ ಬಂದರೆ ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಬೆಳಕಿಗೆ ಹಿಡಿಯಿರಿ. ಕೆಳಗೆ ಬೇರೆ ಪದರ ಕಂಡರೆ ಅದನ್ನು ಮಷೀನ್‌ಗೆ ಹಾಕಬೇಡಿ. ಹಳೆಯ ಕಾಲದ ರಬ್ಬರ್ ಪೈಪ್, ಕಾರ್ಬುರೇಟರ್ ಒಳಗಿನ ತೆಳು ಪೊರೆಗಳಾದ ಡಯಾಫ್ರಮ್‌ಗಳೂ ಎಥನಾಲ್‌ಗೆ ಬೇಗ ಗಟ್ಟಿಯಾಗುತ್ತವೆ, ಬಿರುಕು ಬಿಡುತ್ತವೆ.

ಟ್ಯಾಂಕಿನ ಒಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಮೇಲೆ ಎಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ. ತೊಳೆದು ಹಾಕುವಷ್ಟು ದುಬಾರಿ ಸಾಮಾನಲ್ಲ.

ಸೈಲೆನ್ಸರ್ ಬಿಚ್ಚಿ ಒಳಗೆ ನೋಡಿ

ಇಷ್ಟಾದರೂ ಹೀಟ್ ಆಗುತ್ತಿದ್ದರೆ, ಇನ್ನೊಂದು ಸಲ ಸ್ಟಾರ್ಟ್ ಮಾಡುವ ಮೊದಲು ಪಿಸ್ಟನ್ ನೋಡಲೇಬೇಕು. ಕಷ್ಟದ ಕೆಲಸ ಏನಲ್ಲ. ಸೈಲೆನ್ಸರ್‌ನ ಎರಡು ಬೋಲ್ಟ್ ಬಿಚ್ಚಿದರೆ ಎಕ್ಸಾಸ್ಟ್ ಬಾಯಿ, ಅಂದರೆ ಹೊಗೆ ಹೊರಗೆ ಹೋಗುವ ತೂತು, ಕಾಣುತ್ತದೆ. ಟಾರ್ಚ್ ಹಿಡಿದು ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಪಿಸ್ಟನ್ ಮೇಲೆ ಕೆಳಗೆ ಹೋಗುವುದು ಎದುರಿಗೇ ಕಾಣುತ್ತದೆ.

ಪಿಸ್ಟನ್ ಮೈ ನುಣುಪಾಗಿ, ತಯಾರಿಕೆಯಲ್ಲಿ ಬಂದ ಅಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದರೆ ನಿಮ್ಮ ಅದೃಷ್ಟ. ಎಕ್ಸಾಸ್ಟ್ ಕಡೆ ಮಾತ್ರ ಉದ್ದುದ್ದ ಗೀರು ಇದ್ದರೆ ಲೀನ್ ಅಥವಾ ಹೀಟ್. ಆ ಕಡೆಯೇ ಜಾಸ್ತಿ ಬಿಸಿಯಾಗುವುದರಿಂದ ಮೊದಲು ಅಲ್ಲೇ ಉಜ್ಜಿಕೊಳ್ಳುತ್ತದೆ. ಸುತ್ತಲೂ ಗೀರಿದ್ದರೆ ಆಯಿಲ್ ಇಲ್ಲದೆ ಬರೀ ಪೆಟ್ರೋಲ್‌ನಲ್ಲಿ ಓಡಿದೆ ಅಂತ ಅನುಮಾನಿಸಿ. ಕಾರ್ಬುರೇಟರ್ ಕಡೆ ಸವೆದು ಮಂಕಾಗಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ಉಗುರಿಗೆ ಸಿಗುವಷ್ಟು ಆಳದ ಗೀರು ಇದ್ದರೆ ಬೋರ್ ಪಿಸ್ಟನ್ ಕಿಟ್ ಬೇಕು. ಆದರೆ ಕಾರಣ ಹುಡುಕದೆ ಕಿಟ್ ಹಾಕಬೇಡಿ. ಹೊಸ ಪಿಸ್ಟನ್ ಕೂಡ ಅದೇ ದಾರಿ ಹಿಡಿಯುತ್ತದೆ.

ಈ ಮಷೀನ್‌ನಲ್ಲಿ ಎಕ್ಸಾಸ್ಟ್ ಕಡೆ ಕೂದಲೆಳೆಯಂಥ ನಾಲ್ಕೈದು ಗೀರು ಇದ್ದವು. ಉಗುರಿಗೆ ಸಿಗುತ್ತಿರಲಿಲ್ಲ. ಇನ್ನೊಂದು ವಾರ ಹೀಗೇ ಓಡಿಸಿದ್ದರೆ ಹೋಗುತ್ತಿತ್ತು. ಪ್ಲಗ್ ತೆಗೆದರೆ ತುದಿ ಸುಣ್ಣದ ಹಾಗೆ ಬಿಳಿ. ಅಷ್ಟೊಂದು ಆಯಿಲ್ ಹಾಕಿದ್ದರೂ ಪ್ಲಗ್ ಬಿಳಿ ಅಂದರೆ ಲೀನ್ ಅನ್ನುವುದು ಖಾತ್ರಿಯಾಯಿತು.

ಸೈಲೆನ್ಸರ್ ಬಿಚ್ಚಿದ್ದಾಗಲೇ ಅದರ ಬಾಯಿಯ ಜಾಲರಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ. ಎಕ್ಸಾಸ್ಟ್ ಬಾಯಿಯಲ್ಲಿ ಕರಿ ಕಟ್ಟಿದ್ದರೆ, ಪಿಸ್ಟನ್ ಬಾಯಿಯನ್ನು ಪೂರ್ತಿ ಮುಚ್ಚುವ ಹಾಗೆ ತಂದು ನಿಲ್ಲಿಸಿ, ಮರದ ಕಡ್ಡಿಯಿಂದ ಕೆರೆಯಿರಿ. ಒಂದು ಚೂರೂ ಒಳಗೆ ಬೀಳಬಾರದು.

ಎಲ್ಲಿಂದಲೋ ಗಾಳಿ ಎಳೆಯುತ್ತಿದೆ

ಹಳೆಯ ಮಷೀನ್ ತಾನಾಗಿಯೇ ಲೀನ್ ಆಗಲು ದೊಡ್ಡ ಕಾರಣ ಇದು. ಕಾರ್ಬುರೇಟರ್ ಅಳೆದು ಕೊಟ್ಟ ಗಾಳಿಯ ಜೊತೆಗೆ, ಬೇರೆ ಯಾವುದೋ ಬಿರುಕಿನಿಂದ ಗಾಳಿ ಕದ್ದು ಒಳಗೆ ಬರುತ್ತದೆ. ಆ ಗಾಳಿಗೆ ಪೆಟ್ರೋಲ್ ಇಲ್ಲ.

ಲಕ್ಷಣಗಳು ಸ್ಪಷ್ಟ. ರೇಸ್ ಬಿಟ್ಟ ಮೇಲೆ ಎಂಜಿನ್ ತಕ್ಷಣ ಸ್ಲೋಗೆ ಇಳಿಯುವುದಿಲ್ಲ, ಎಳೆದುಕೊಂಡೇ ಇಳಿಯುತ್ತದೆ. ಸ್ಲೋ ಒಂದೇ ಸಮ ಇರುವುದಿಲ್ಲ. ಮಷೀನನ್ನು ಎಡಕ್ಕೆ ಬಲಕ್ಕೆ ವಾಲಿಸಿದರೆ ಸದ್ದು ಬದಲಾಗುತ್ತದೆ. ಈ ಮಷೀನ್ ಸ್ಲೋನಲ್ಲಿದ್ದಾಗ ಹಿಂದಿನ ಹಿಡಿಯನ್ನು ಹಿಡಿದು ಮೇಲಕ್ಕೆ ಎಳೆದೆ. ಸದ್ದು ಏರಿತು. ಬಿಟ್ಟೆ, ಇಳಿಯಿತು. ಮತ್ತೆ ಎಳೆದೆ, ಮತ್ತೆ ಏರಿತು. ಆಗಲೇ ಅರ್ಧ ಉತ್ತರ ಸಿಕ್ಕಿತ್ತು.

ಈ ಮಾದರಿಯಲ್ಲಿ ಕಾರ್ಬುರೇಟರ್ ಇರುವುದು ಹಿಡಿಯ ಭಾಗದಲ್ಲಿ, ಸಿಲಿಂಡರ್ ಇರುವುದು ಎಂಜಿನ್ ಭಾಗದಲ್ಲಿ. ಎರಡರ ಮಧ್ಯೆ ಕೈಗೆ ನಡುಕ ತಾಗದಿರಲು ರಬ್ಬರ್ ಬುಷ್‌ಗಳಿವೆ. ಕಾರ್ಬುರೇಟರಿನಿಂದ ಸಿಲಿಂಡರ್‌ಗೆ ಗಾಳಿ ಪೆಟ್ರೋಲ್ ಹೋಗುವುದು ಒಂದು ದಪ್ಪ ರಬ್ಬರ್ ಬೂಟ್ ಮೂಲಕ. ಬುಷ್‌ಗಳು ಹಳೆಯದಾಗಿ ಸಡಿಲವಾದರೆ ಹಿಡಿ ಎಳೆದಾಗಲೆಲ್ಲ ಈ ಬೂಟ್ ಜಗ್ಗುತ್ತದೆ. ವರ್ಷಗಟ್ಟಲೆ ಜಗ್ಗಿ ಜಗ್ಗಿ ಒಂದು ದಿನ ಸೀಳುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಹಳೆಯ ಬಿಪಿ ಮಷೀನಿನ ರಬ್ಬರ್ ಬುಡ್ಡೆ ಮತ್ತು ಮೀಟರ್ ಇದ್ದರೆ ಸಾಕು. ಅದು 300 ಮಿಲಿಮೀಟರ್ ಪಾದರಸದ ತನಕ ತೋರಿಸುತ್ತದೆ, ಒತ್ತಡದ ಅಳತೆಯಲ್ಲಿ ಸುಮಾರು 0.4 ಬಾರ್. ಇಷ್ಟು ಒತ್ತಡ ಈ ಕೆಲಸಕ್ಕೆ ಸರಿಹೋಗುತ್ತದೆ. ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಸೈಲೆನ್ಸರ್ ಬಿಗಿ ಮಾಡಿ. ಕಾರ್ಬುರೇಟರ್ ಬಿಚ್ಚಿ, ಬೂಟಿನ ಬಾಯಿಗೆ ತೂತಿರುವ ರಬ್ಬರ್ ಬಿರಡೆ ಹಾಕಿ, ಅದಕ್ಕೆ ಪೈಪ್ ಸೇರಿಸಿ. ಕಾರ್ಬುರೇಟರಿನ ಪಂಪ್‌ಗೆ ಎಂಜಿನ್ ಒತ್ತಡ ಒಯ್ಯುವ ಇಂಪಲ್ಸ್ ಪೈಪ್ ಬೇರೆ ಇದ್ದರೆ ಅದನ್ನೂ ಮುಚ್ಚಿ. ಪ್ಲಗ್ ಬಿಗಿಯಾಗಿರಲಿ. ಪಿಸ್ಟನ್ ಮೇಲಿರುವ ಹಾಗೆ ಹಗ್ಗ ಸ್ವಲ್ಪ ಎಳೆದು ನಿಲ್ಲಿಸಿದರೆ ಗಾಳಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಒಳಗೂ ಹೋಗುತ್ತದೆ. ಈಗ ಬುಡ್ಡೆ ಒತ್ತಿ 300ಕ್ಕೆ ತನ್ನಿ. ಮುಳ್ಳು ನಿಂತರೆ ಸರಿ. ಇಳಿದರೆ ಸೋಪು ನೀರು ಹಾಕಿ ನೋಡಿ: ಬೂಟ್, ಸಿಲಿಂಡರ್ ಬುಡದ ಪ್ಯಾಕಿಂಗ್, ಫ್ಲೈವೀಲ್ ಹಿಂದಿನ ಆಯಿಲ್ ಸೀಲ್, ಕ್ಲಚ್ ಹಿಂದಿನ ಆಯಿಲ್ ಸೀಲ್. ಕೆಲವು ಸೀಲ್‌ಗಳು ಒಳಗಿನಿಂದ ಒತ್ತಿದರೆ ತಡೆಯುತ್ತವೆ, ಒಳಗೆ ನಿರ್ವಾತ ಆದಾಗ ಮಾತ್ರ ಸೋರುತ್ತವೆ. ಅದಕ್ಕೆ ಬ್ರೇಕ್ ಕೆಲಸದವರ ಹತ್ತಿರ ಇರುವ ವ್ಯಾಕ್ಯೂಮ್ ಪಂಪ್‌ನಿಂದ ಇನ್ನೊಂದು ಸಲ ನೋಡಬೇಕು.

ಓಡುತ್ತಿರುವ ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವವರಿದ್ದಾರೆ. ಪಕ್ಕದಲ್ಲೇ ಕೆಂಪಗೆ ಕಾದ ಸೈಲೆನ್ಸರ್ ಇರುತ್ತದೆ. ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ.

ಮುಳ್ಳು 300ರಲ್ಲಿ ನಿಂತಿತು! ಒಂದು ಕ್ಷಣ ಬೇಸರವಾಯಿತು. ಆಮೇಲೆ ಹಿಡಿಯನ್ನು ಮೇಲಕ್ಕೆ ಎಳೆದು ಹಿಡಿದೆ. ಮುಳ್ಳು ಸರ್ರನೆ ಕೆಳಗೆ ಬಂತು. ಬೂಟಿನ ಅಡಿಯಲ್ಲಿ ಸೋಪು ನೊರೆ ಉಬ್ಬಿತು. ಬೂಟ್ ಬಿಚ್ಚಿ ಎರಡು ಹೆಬ್ಬೆರಳ ಮಧ್ಯೆ ಬಗ್ಗಿಸಿದೆ. ಸುಮ್ಮನೆ ಇಟ್ಟಾಗ ಕಾಣದ ಗೆರೆಯೊಂದು ಬಗ್ಗಿಸಿದ ಕೂಡಲೇ ಬಾಯಿ ಬಿಟ್ಟಿತು. ಒಳಗಿನ ರಬ್ಬರ್ ಇನ್ನೂ ಹೊಸದರ ಹಾಗೆ ಕಪ್ಪಗಿತ್ತು. ಅಂದರೆ ಸೀಳು ಹಳೆಯದಲ್ಲ. ಮಾಲೀಕರ ಕೈಗೆ ಕೊಟ್ಟೆ. ಅವರೂ ಬಗ್ಗಿಸಿ ನೋಡಿದರು. "ಇಷ್ಟಕ್ಕೇನಾ ಅಣ್ಣ, ಮೂರು ಕಡೆ ಅಲೆದಿದ್ದು?" ಎಂದರು.

ಬೂಟ್‌ಗೆ ಅಂಟು ಹಾಕಿ ಕಳಿಸುವುದು ಬೇಡ. ಪೆಟ್ರೋಲ್‌ಗೆ ಅಂಟು ನಿಲ್ಲುವುದಿಲ್ಲ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಮಷೀನಿನ ಮಾದರಿ ನಂಬರ್ ಮತ್ತು ಹಳೆಯ ಬೂಟ್ ಎರಡನ್ನೂ ತೋರಿಸಿ ಕೇಳಿ. ಬೂಟ್ ಜೊತೆಗೆ ರಬ್ಬರ್ ಬುಷ್‌ಗಳನ್ನೂ ತನ್ನಿ, ಇಲ್ಲದಿದ್ದರೆ ಹೊಸ ಬೂಟ್ ಕೂಡ ಅದೇ ತರಹ ಸೀಳುತ್ತದೆ. ಪೆಟ್ರೋಲ್ ಪೈಪ್, ಡಯಾಫ್ರಮ್ ಕಿಟ್ ಕೂಡ ತಂದೆ. ಹಳೆಯ ಡಯಾಫ್ರಮ್ ಒಣಗಿದ ಎಲೆಯ ಹಾಗೆ ಚರಪರ ಅನ್ನುತ್ತಿತ್ತು. ಹೊಸದು ಬಟ್ಟೆಯ ಹಾಗೆ ಮೆತ್ತಗೆ ಬಗ್ಗಬೇಕು.

ಈಗ ಕಾರ್ಬುರೇಟರ್

ಎಲ್ಲ ಸರಿಯಾದ ಮೇಲೆ ಸ್ಕ್ರೂ. ಎಲ್ ಅಂದರೆ ಸ್ಲೋಗೆ, ಎಚ್ ಅಂದರೆ ಪೂರ್ತಿ ರೇಸ್‌ಗೆ. ಎಡಕ್ಕೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ, ಬಲಕ್ಕೆ ಕಮ್ಮಿ. ಎರಡನ್ನೂ ಮೆತ್ತಗೆ ಕೂರುವ ತನಕ ಬಲಕ್ಕೆ ತಿರುಗಿಸಿ, ಅಲ್ಲಿಂದ ಒಂದು ಸುತ್ತು ಎಡಕ್ಕೆ ತನ್ನಿ. ಎಷ್ಟೋ ಮಷೀನ್‌ಗಳಿಗೆ ಶುರು ಮಾಡಲು ಅದು ಸರಿ, ಆದರೂ ನಿಮ್ಮ ಪುಸ್ತಕ ನೋಡಿಕೊಳ್ಳಿ. ಬಿಗಿ ಮಾಡಬೇಡಿ, ಸೂಜಿ ತುದಿ ಹಾಳಾಗುತ್ತದೆ.

ಎಚ್ ಸ್ಕ್ರೂವನ್ನು ಕಿವಿಯಿಂದ ಸೆಟ್ ಮಾಡಬಹುದು. ಮಷೀನ್ ಬಿಸಿಯಾದ ಮೇಲೆ, ಮರಕ್ಕೆ ತಾಗಿಸದೆ ಎರಡು ಸೆಕೆಂಡ್ ಪೂರ್ತಿ ರೇಸ್ ಕೊಡಿ. ಸದ್ದು ಸ್ವಲ್ಪ ಒರಟಾಗಿ, ಬರಬರ ಅಂತ ಒಡೆದ ಹಾಗೆ ಇರಬೇಕು. ಮರಕ್ಕೆ ಹಚ್ಚಿದಾಗ ಅದೇ ಸದ್ದು ಸ್ವಚ್ಛವಾಗಬೇಕು. ತಾಗಿಸದೆ ಇದ್ದಾಗಲೇ ಕೀಂ ಅಂತ ಒಂದೇ ಎಳೆಯಲ್ಲಿ ಚೂಪಾಗಿ ಕೂಗಿದರೆ ಲೀನ್. ಎಷ್ಟೋ ಜನಕ್ಕೆ ಆ ಚೂಪು ಸದ್ದೇ ಇಷ್ಟ, ಪವರ್ ಬಂತು ಅಂದುಕೊಳ್ಳುತ್ತಾರೆ. ಯೆಜ್ಡಿ, ಆರ್‌ಎಕ್ಸ್ 100 ತರಹದ ಟು-ಸ್ಟ್ರೋಕ್ ಬೈಕ್ ರಿಪೇರಿ ಮಾಡಿದ ಹಳೆಯ ಮೆಕ್ಯಾನಿಕ್‌ಗಳಿಗೆ ಈ ಎರಡು ಸದ್ದಿನ ವ್ಯತ್ಯಾಸ ಚೆನ್ನಾಗಿ ಗೊತ್ತು. ಗೊತ್ತಾಗದಿದ್ದರೆ ಅಂಥವರ ಹತ್ತಿರ ಒಂದು ಸಲ ಕೂತು ಕೇಳಿಸಿಕೊಳ್ಳಿ. ಎಂಜಿನ್ ಸ್ಪೀಡ್ ತೋರಿಸುವ ಟ್ಯಾಕೋಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಪುಸ್ತಕದಲ್ಲಿ ಹೇಳಿದ ಆರ್‌ಪಿಎಂ ದಾಟಿಸಬೇಡಿ.

ನಮ್ಮ ಊರಿಗೇ ಸಂಬಂಧಪಟ್ಟ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ತೆಳು. ಇಲ್ಲಿ ಸರಿಯಾಗಿ ಸೆಟ್ ಮಾಡಿದ ಮಷೀನನ್ನು ಮಂಗಳೂರು ಕಡೆಯ ತೋಟಕ್ಕೆ ತೆಗೆದುಕೊಂಡು ಹೋದರೆ ಅಲ್ಲಿ ಗಾಳಿ ದಟ್ಟ, ಪೆಟ್ರೋಲ್ ಮೊದಲಿನಷ್ಟೇ. ಅಲ್ಲಿ ಅದು ಲೀನ್. "ಬೆಂಗಳೂರಲ್ಲಿ ಚೆನ್ನಾಗಿತ್ತು, ಊರಿಗೆ ಹೋದಾಗ ಹೀಟ್ ಆಯ್ತು" ಅನ್ನುವ ದೂರು ಬಂದಾಗ ನಾನು ಮೊದಲು ಕೇಳುವುದು ಊರು ಯಾವುದು ಅಂತ. ಘಟ್ಟ ಇಳಿಯುವುದಿದ್ದರೆ ಅಲ್ಲಿ ಹೋದ ಮೇಲೆ ಎಚ್ ಸ್ಕ್ರೂ ಸ್ವಲ್ಪ ಎಡಕ್ಕೆ ತಿರುಗಿಸಿ, ಸದ್ದು ಕೇಳಿ ಹೊಂದಿಸಿಕೊಳ್ಳಿ.

ಹೊಸ ಬೂಟ್, ಹೊಸ ಬುಷ್, ಲೀಟರ್‌ಗೆ 20 ಮಿಲಿ ಹಾಕಿದ ಹೊಸ ಪೆಟ್ರೋಲ್. ಎಚ್ ಸ್ಕ್ರೂ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ಎಡಕ್ಕೆ ಬಂತು. ಇ20ಗೆ ಅಷ್ಟು ಬೇಕಾಯಿತು. ಅದೇ ಸಿಲ್ವರ್ ಓಕ್ ದಿಮ್ಮಿ ಮೇಲೆ ಮಾಲೀಕರೇ ಓಡಿಸಿದರು. ಒಂದು ಟ್ಯಾಂಕ್ ಮುಗಿಯಿತು. ಹತ್ತು ನಿಮಿಷ ತಣ್ಣಗಾಗಲು ಬಿಟ್ಟು ಇನ್ನೊಂದು ಟ್ಯಾಂಕ್ ತುಂಬಿಸಿದೆವು. ಅದೂ ಮುಗಿಯಿತು. ಮಷೀನ್ ಒಂದು ಸಲವೂ ಎಳೆದಾಡಲಿಲ್ಲ. ಅವರ ಚಪ್ಪಲಿ ಮುಚ್ಚುವಷ್ಟು ಉದ್ದುದ್ದ ಚೂರು ಕೆಳಗೆ ಬಿದ್ದಿತ್ತು. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ತುದಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.